ಹಾಡದೆ ಮಾಡಿದ ರಿಯಾಜು
ಹಿಂದವಾಡಿಯ ಮಂದಿ ನಾಟಕ, ಗಾಯನಕ್ಕೆ ಹೋಗುವ ಬೆಳಗಾವಿ ರಂಗಮಂದಿರಕ್ಕೆ ಕುಮಾರ ಗಂಧರ್ವರ ಹೆಸರಿದೆ. ಅವರು ಇಲ್ಲೇ ಹತ್ತಿರದ ಸುಳೇಭಾವಿಯವರು. 1924ರಲ್ಲಿ ಹುಟ್ಟಿದ ಶಿವಪುತ್ರಯ್ಯ ಕೊಂಕಾಳಿಮಠ.

ಸಣ್ಣವರಿದ್ದಾಗಲೇ ಗ್ರಾಮಫೋನ್ ತಟ್ಟೆ ಕೇಳಿ ದೊಡ್ಡ ಗವಾಯಿಗಳಂತೆ ಹಾಡಿ ಶಹಬ್ಬಾಸ್ ಗಿಟ್ಟಿಸಿದರು. ಮುಂಬಯಿಯಲ್ಲಿ ಬಿ. ಆರ್. ದೇವಧರರು ತಿದ್ದಿದರು. ಹೆಸರು ಬಂತು, ಅದರ ಬೆನ್ನಿಗೇ ಕ್ಷಯವೂ ಬಂತು. 1948ರಲ್ಲಿ ಹವೆಗಾಗಿ ದೇವಾಸ್ ಸೇರಿದರು. ಹಾಡುವುದು ಪೂರ್ತಿ ಬಂದ್. ವರ್ಷಗಟ್ಟಲೆ ಹಾಸಿಗೆ.

ಗಂಟಲು ನಿಂತರೂ ಕಿವಿ ನಿಲ್ಲಲಿಲ್ಲ. ಮಾಳವದ ಹಳ್ಳಿಯವರ ಹಾಡು ಕೇಳುತ್ತ, ಅದರೊಳಗೆ ರಾಗದ ಬೇರು ಹುಡುಕಿದರು. ಸ್ಟ್ರೆಪ್ಟೋಮೈಸಿನ್‌ನಿಂದ ಚೇತರಿಸಿಕೊಂಡು 1950ರ ದಶಕದಲ್ಲಿ ಮತ್ತೆ ಹಾಡಲು ಕೂತಾಗ ಒಂದು ಪುಪ್ಪುಸ ಕೆಟ್ಟಿತ್ತು. ಉದ್ದ ಉಸಿರಿಲ್ಲ ಅಂತ ಹಟ ಹಿಡಿಯಲಿಲ್ಲ. ಸಣ್ಣ ಸಣ್ಣ ತಾನು, ನಡುವೆ ಮೌನ. ಅದೇ ಅವರ ಗಾಯಕಿ ಆಯಿತು. 1990ರಲ್ಲಿ ಪದ್ಮವಿಭೂಷಣ, 1992ರ ಜನವರಿ 12ರಂದು ತೀರಿಕೊಂಡರು.

ದಿನವೂ ಗಂಟಲು ಹರಕೊಳ್ಳುವ ಹುಡುಗರು ಅಷ್ಟೇ ಹೊತ್ತು ಕೂತು ಕೇಳಿದರೂ ಅದು ರಿಯಾಜೇ.