ಹಳೆ ಗೋವಾದ ಗುಡ್ಡದಲ್ಲಿ ಜಾರ್ಜಿಯಾದ ರಾಣಿ

ಪಣಜಿ: ಊರಿಂದ ನೆಂಟರು ಬಂದರೆ ಹಳೆ ಗೋವಾ ತೋರಿಸೋದು ಇಲ್ಲಿನ ಕನ್ನಡ ಮನೆಗಳಲ್ಲಿ ವಾಡಿಕೆ. ಬಾಮ್ ಜೀಸಸ್ ಚರ್ಚಿನಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಬೆಳ್ಳಿ ಪೆಟ್ಟಿಗೆ, ಎದುರಿನ ಸೇ ಕೆಥೆಡ್ರಲ್, ಒಂದೆರಡು ಫೋಟೊ, ಮತ್ತೆ ವಾಪಸ್ ಬಸ್ಸು. ಪಕ್ಕದ ಗುಡ್ಡದ ಮೇಲೆ ಮುರಿದು ನಿಂತಿರುವ 46 ಮೀಟರ್ ಎತ್ತರದ ಕೆಂಪು ಕಲ್ಲಿನ ಗೋಪುರದ ತನಕ ಹತ್ತೋರು ಕಡಿಮೆ. ಅದು ಸಂತ ಅಗಸ್ಟೀನ್ ಮಠದ ಚರ್ಚು. ಅಲ್ಲಿದ್ದದ್ದು ಜಾರ್ಜಿಯಾ ದೇಶದ ರಾಣಿ ಕೆಟೆವಾನ್ ಅವಶೇಷ.

ಬದುಕಿದ್ದಾಗ ಈ ರಾಣಿ ಗೋವಾ ಕಂಡವಳೇ ಅಲ್ಲ. ಕಖೇತಿ ಎಂಬ ಸಣ್ಣ ಕ್ರೈಸ್ತ ರಾಜ್ಯದ ದೊರೆ ಡೇವಿಡ್‌ನ ಹೆಂಡತಿ. 1602ರಲ್ಲಿ ಗಂಡ ತೀರಿಕೊಂಡ. ಮೂರೇ ವರ್ಷಕ್ಕೆ ಮೈದುನ ಕಾನ್‌ಸ್ಟಂಟೈನ್ ಸ್ವಂತ ತಂದೆಯನ್ನೂ ಸಹೋದರನನ್ನೂ ಕೊಲ್ಲಿಸಿ ಗದ್ದುಗೆ ಏರಿದಾಗ ಕೆಟೆವಾನ್ ಸರದಾರರನ್ನು ಕೂಡಿಸಿ ಅವನ ವಿರುದ್ಧ ಯುದ್ಧಕ್ಕೇ ನಿಂತಳು. ಮೈದುನ ಸತ್ತ, ಮಗ ತೈಮುರಾಜ್ ಅರಸನಾದ. ಮಗ ಇನ್ನೂ ಎಳೆಯ, ಕಾರಭಾರವೆಲ್ಲ ತಾಯಿಯದೇ.

ನೆರೆಯ ಪರ್ಷಿಯಾದ ಷಾ ಅಬ್ಬಾಸ್ ಮುಂದೆ ಈ ರಾಜ್ಯ ಯಾವ ಲೆಕ್ಕ? 1614ರ ಸುಮಾರಿಗೆ ದಾಳಿ ತಪ್ಪಿಸಲು ಮಗ ತಾಯಿಯನ್ನೇ ಒತ್ತೆಯಾಗಿ ಕಳಿಸಿದ. ದಾಳಿ ತಪ್ಪಲಿಲ್ಲ, ತಾಯಿಯೂ ತಿರುಗಿ ಬರಲಿಲ್ಲ. ಒತ್ತೆ ಹೋದ ಇಬ್ಬರು ಮೊಮ್ಮಕ್ಕಳ ಪುರುಷತ್ವ ಕಳೆಯಲಾಯಿತು. ರಾಣಿ ಹತ್ತು ವರ್ಷ ಷಿರಾಜ್ ನಗರದಲ್ಲಿ ಸೆರೆ ಇದ್ದಳು. 1624ರಲ್ಲಿ ಧರ್ಮ ಬದಲಿಸಲು ಷಾ ಆಜ್ಞೆ ಮಾಡಿದ. ಒಪ್ಪಲಿಲ್ಲ. ಕಾದ ಕಬ್ಬಿಣದ ಇಕ್ಕಳದಿಂದ ಹಿಂಸಿಸಿ ಕೊಲ್ಲಲಾಯಿತು.

ಷಿರಾಜ್‌ನಲ್ಲಿದ್ದ ಪೋರ್ಚುಗೀಸ್ ಅಗಸ್ಟೀನ್ ಪಾದ್ರಿಗಳು ಗುಟ್ಟಾಗಿ ಅವಶೇಷ ತೆಗೆದರು. ಒಂದು ಭಾಗ ಜಾರ್ಜಿಯಾಕ್ಕೆ ಹೋಯಿತು. ಇನ್ನೊಂದು 1627ರಲ್ಲಿ ಗೋವಾಕ್ಕೆ ಬಂದು, ಮಠದ ಒಂದು ಕೋಣೆಯ ಕಿಟಕಿ ಬಳಿ ಕಲ್ಲಿನ ಪೆಟ್ಟಿಗೆ ಸೇರಿತು. ಕಿಟಕಿ ಯಾವುದು ಅಂತ ಕೂಡ ಪಾದ್ರಿಗಳು ಬರೆದಿಟ್ಟಿದ್ದರು. ಆ ಬರಹ ಇಲ್ಲದಿದ್ದರೆ ಮುಂದಿನದು ಏನೂ ಆಗುತ್ತಿರಲಿಲ್ಲ ನೋಡ್ರಿ.

ಯಾಕಂದರೆ 1835ರಲ್ಲಿ ಪೋರ್ಚುಗೀಸ್ ಸರಕಾರ ಮಠ ಮುಚ್ಚಿಸಿತು. 1842ರಲ್ಲಿ ಚರ್ಚಿನ ಚಾವಣಿ, 1931ರಲ್ಲಿ ಮುಂಭಾಗ ಕುಸಿಯಿತು. ಘಂಟೆ ಮಾತ್ರ ಉಳಿದು, ಈಗ ಪಣಜಿಯ ಮೆಟ್ಟಿಲಿನ ಚರ್ಚಿನಲ್ಲಿದೆ. ದಿನಾ ಅದರ ಕೆಳಗೇ ಓಡಾಡುವ ನಮ್ಮವರೆಷ್ಟೋ.

ಜಾರ್ಜಿಯಾದಿಂದ ತಂಡಗಳು ಮತ್ತೆ ಮತ್ತೆ ಬಂದು ಹುಡುಕಿದವು. ಪುರಾತತ್ವ ಇಲಾಖೆಯವರು ಕಲ್ಲುಮಣ್ಣು ಸರಿಸುತ್ತ ಹೋಗಿ 2004ರ ಹೊತ್ತಿಗೆ ಒಂದು ಎಲುಬು ಕಂಡರು. ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯ ಡಿಎನ್‌ಎ ಪರೀಕ್ಷೆ ಮಾಡಿತು. ಜೊತೆಗೆ ಸಿಕ್ಕ ಇನ್ನೆರಡು ಎಲುಬು ಭಾರತೀಯ ಮೂಲದವು, ಇದೊಂದು ಮಾತ್ರ ಜಾರ್ಜಿಯಾ ಕಡೆಯ ವಂಶದ್ದು ಎಂದು ಕಂಡುಬಂತು. ಬಹುತೇಕ ರಾಣಿಯದೇ ಎಂದು ವಿಜ್ಞಾನಿಗಳು ತೀರ್ಮಾನಿಸಿದರು.

2017ರಲ್ಲಿ ಆ ಅವಶೇಷವನ್ನು ದರ್ಶನಕ್ಕಾಗಿ ಜಾರ್ಜಿಯಾಕ್ಕೆ ಕಳಿಸಿ ಮರಳಿ ತರಲಾಗಿತ್ತು. 2021ರ ಜುಲೈನಲ್ಲಿ ವಿದೇಶಾಂಗ ಸಚಿವ ಎಸ್. ಜೈಶಂಕರ್ ತ್ಬಿಲಿಸಿಗೆ ಹೋಗಿ ಒಂದು ಭಾಗವನ್ನು ಕಾಯಂ ಆಗಿ ಒಪ್ಪಿಸಿದರು. ಒತ್ತೆ ಹೋದ ರಾಣಿ ತವರು ನಾಡಿಗೆ ಮುಟ್ಟಲು ನಾನ್ನೂರು ವರ್ಷ ಹಿಡಿಯಿತು.