ತಲೆಯಲ್ಲೇ ಗಡಿಯಾರ ಇದ್ದ ಜಾಕಿ: ಐಸಾಕ್ ಮರ್ಫಿ

ಮಕ್ಕಳೇ, ಶಾಲೆಯ ಪಿ.ಇ. ಕ್ಲಾಸಿನಲ್ಲಿ ನಿಮ್ಮನ್ನ ಒಂದು ಮೈಲಿ ಓಡಿಸ್ತಾರಲ್ಲ, ಆಗ ಏನಾಗುತ್ತೆ ಅಂತ ಸ್ವಲ್ಪ ನೆನಪಿಸಿಕೊಳ್ಳಿ. ವಿಸಿಲ್ ಊದಿದ ಕೂಡಲೇ ಒಂದಿಬ್ಬರು ಬಾಣದ ಹಾಗೆ ನುಗ್ಗುತ್ತಾರೆ. ಎರಡನೇ ಸುತ್ತಿಗೆ ಪಕ್ಕೆ ಹಿಡಿದುಕೊಂಡು ನಡೆಯೋಕೆ ಶುರು ಮಾಡ್ತಾರೆ. ಹಿಂದೆ ಇದ್ದ ಯಾರೋ ಒಬ್ಬರು ಸದ್ದಿಲ್ಲದೆ ಅವರನ್ನು ದಾಟಿ ಹೋಗುತ್ತಾರೆ. ಕುದುರೆ ರೇಸಿನಲ್ಲೂ ಹೀಗೇ. ಆದರೆ ಅಲ್ಲಿ ಓಡೋದು ಕುದುರೆ, ಲೆಕ್ಕ ಹಾಕೋದು ಅದರ ಬೆನ್ನ ಮೇಲಿರುವ ಜಾಕಿ. ಈ ಲೆಕ್ಕದಲ್ಲಿ ಎತ್ತಿದ ಕೈ ಅನ್ನಿಸಿಕೊಂಡವರ ಕಥೆಯನ್ನು ಇವತ್ತು ನಿಮಗೆ ಹೇಳ್ತೀನಿ.

ಐಸಾಕ್ ಮರ್ಫಿ ಹುಟ್ಟಿದ್ದು 1861ರಲ್ಲಿ, ಕೆಂಟಕಿ ರಾಜ್ಯದಲ್ಲಿ. ಅದೇ ವರ್ಷ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಕಪ್ಪು ಜನರು ಇನ್ನೂ ಗುಲಾಮರಾಗಿದ್ದ ಕಾಲ ಅದು. ತಂದೆ ಉತ್ತರದ ಸೈನ್ಯ ಸೇರಿದವರು ಮನೆಗೆ ಹಿಂತಿರುಗಲಿಲ್ಲ. ತಾಯಿಯ ಹೆಸರು ಏನು ಗೊತ್ತಾ? ಅಮೆರಿಕಾ! ಆಕೆ ಲೆಕ್ಸಿಂಗ್ಟನ್ ಊರಿನಲ್ಲಿ ಬೇರೆಯವರ ಬಟ್ಟೆ ಒಗೆದು ಮಗನನ್ನು ಸಾಕಿದರು. ಹುಡುಗ ಹದಿಹರೆಯದಲ್ಲೇ ಕುದುರೆ ಲಾಯ ಸೇರಿದ. ಆಗ ಜಾಕಿಗಳಲ್ಲಿ ಬಹಳಷ್ಟು ಜನ ಕಪ್ಪು ವರ್ಣದವರೇ. 1875ರಲ್ಲಿ ನಡೆದ ಮೊದಲ ಕೆಂಟಕಿ ಡರ್ಬಿಯಲ್ಲಿ 15 ಜಾಕಿಗಳ ಪೈಕಿ 13 ಜನ ಅವರೇ ಇದ್ದರು.

ಲಾಯದಲ್ಲಿ ಈಲೈ ಜೋರ್ಡನ್ ಎಂಬ ಅನುಭವಿ ತರಬೇತುದಾರರು ಹುಡುಗನಿಗೆ ಗುರುವಾದರು. ಅಲ್ಲಿ ಕಲಿಯಬೇಕಾದ ದೊಡ್ಡ ಪಾಠ ವೇಗದ ಅಂದಾಜು. ಯಾವ ಕುದುರೆಯೂ ಶುರುವಿನಿಂದ ಕೊನೆಯವರೆಗೆ ಪೂರ್ತಿ ವೇಗದಲ್ಲಿ ಓಡಲಾರದು. ಅದರ ಶಕ್ತಿ ಬ್ಯಾಟರಿ ಇದ್ದ ಹಾಗೆ. ಮೊದಲ ಅರ್ಧ ಮೈಲಿಯಲ್ಲೇ ಖಾಲಿ ಮಾಡಿದರೆ ಕೊನೆಗೆ ಏನೂ ಉಳಿಯಲ್ಲ. ಹಾಗಂತ ತುಂಬಾ ಉಳಿಸಿಕೊಂಡರೂ ಕಷ್ಟ. ಮುಂದಿರುವವನೂ ಆರಾಮಾಗಿ ಓಡಿ ಶಕ್ತಿ ಉಳಿಸಿಕೊಂಡಿದ್ದರೆ ಅವನನ್ನು ಹಿಡಿಯೋದು ಹೇಗೆ? ಜಾಕಿಯ ಕೈಯಲ್ಲಿ ಸ್ಟಾಪ್‌ವಾಚ್ ಇರಲ್ಲ. ಗೊರಸಿನ ಸದ್ದು, ಕುದುರೆಯ ಉಸಿರು, ಲಗಾಮಿನ ಎಳೆತ, ಇಷ್ಟರಲ್ಲೇ ತಿಳಿದುಕೊಳ್ಳಬೇಕು. ಮರ್ಫಿಯವರಿಗೆ ತಲೆಯಲ್ಲೇ ಗಡಿಯಾರ ಇದೆ ಅಂತ ಜನ ಹೇಳುತ್ತಿದ್ದರು. ಅವರು ಚಾಟಿ ಬೀಸುತ್ತಿದ್ದದ್ದೂ ಅಪರೂಪ.

1884ರಲ್ಲಿ ಬುಕ್ಯಾನನ್ ಎಂಬ ಕುದುರೆಯ ಮೇಲೆ ಅವರು ಮೊದಲ ಸಲ ಡರ್ಬಿ ಗೆದ್ದರು. 1890ರಲ್ಲಿ ರೈಲಿ ಮೇಲೆ ಎರಡನೇ ಸಲ. ಅದೇ ವರ್ಷ ಜೂನ್ 25ರಂದು ನ್ಯೂಯಾರ್ಕಿನ ಶೀಪ್ಸ್‌ಹೆಡ್ ಬೇಯಲ್ಲಿ ಎರಡೇ ಕುದುರೆಗಳ ಪಂದ್ಯ ನಡೆಯಿತು. ಸಾಲ್ವೇಟರ್ ಮೇಲೆ ಮರ್ಫಿ, ಟೆನಿ ಮೇಲೆ ಗ್ಯಾರಿಸನ್. ಹಿಂದೆ ಉಳಿದು ಕೊನೆಯಲ್ಲಿ ನುಗ್ಗಿ ಗೆಲ್ಲುವುದರಲ್ಲಿ ಗ್ಯಾರಿಸನ್ ಎಷ್ಟು ಹೆಸರುವಾಸಿ ಅಂದರೆ, ಅಂಥ ಗೆಲುವಿಗೆ ಇಂಗ್ಲಿಷಿನಲ್ಲಿ ಅವರ ಹೆಸರೇ ಬಂದಿದೆ. ಮರ್ಫಿ ಸಾಲ್ವೇಟರನ್ನು ಮುಂದೆ ಬಿಟ್ಟರು, ಆದರೆ ಕೊನೆಗೆ ಬೇಕಾದಷ್ಟು ಶಕ್ತಿ ಉಳಿಸಿಕೊಂಡರು. ಕೊನೆಯಲ್ಲಿ ಟೆನಿ ಒಂದೊಂದು ಹೆಜ್ಜೆಗೂ ಹತ್ತಿರ ಬರುತ್ತಿತ್ತು. ಮರ್ಫಿ ಗಾಬರಿಯಾಗಲಿಲ್ಲ. ಒಂದೂಕಾಲು ಮೈಲಿಯ ಆ ಓಟವನ್ನು ಸಾಲ್ವೇಟರ್ ಕೂದಲೆಳೆ ಅಂತರದಲ್ಲಿ ಗೆದ್ದಿತು.

ಎರಡೇ ತಿಂಗಳಲ್ಲಿ ಎಲ್ಲಾ ತಲೆಕೆಳಗಾಯಿತು. ಆಗಸ್ಟಿನಲ್ಲಿ ನ್ಯೂಜೆರ್ಸಿಯ ರೇಸೊಂದರಲ್ಲಿ ಅವರು ಜೀನಿನ ಮೇಲೆ ತೂರಾಡಿ, ಕೊನೆಯವರಾಗಿ ಬಂದು, ಕುದುರೆಯಿಂದ ಜಾರಿ ಬಿದ್ದರು. ಕುಡಿದಿದ್ದಾರೆ ಅಂತ ಆರೋಪ ಹೊರಿಸಿ ಅಮಾನತು ಮಾಡಿದರು. ಅವರು ಅದನ್ನು ಒಪ್ಪಲಿಲ್ಲ. ತೂಕ ಇಳಿಸಲು ವರ್ಷ ವರ್ಷವೂ ಊಟ ಬಿಡುತ್ತಿದ್ದ ದೇಹ ಅದು. ಅಷ್ಟು ವರ್ಷ ಸಂಪಾದಿಸಿದ ಒಳ್ಳೆಯ ಹೆಸರು ಒಂದು ಮಧ್ಯಾಹ್ನದಲ್ಲಿ ಮಣ್ಣುಪಾಲಾಯಿತು.

ಮುಂದಿನ ಮೇ ತಿಂಗಳಲ್ಲಿ ಮತ್ತೆ ಡರ್ಬಿ ಬಂತು. ಮರ್ಫಿ ಕಿಂಗ್‌ಮನ್ ಮೇಲೆ ಕುಳಿತರು. ಅದನ್ನು ಪಳಗಿಸಿದ ಡಡ್ಲಿ ಆಲನ್ ಕೂಡ ಕಪ್ಪು ವರ್ಣದವರೇ. ಓಡಿದ್ದು ನಾಲ್ಕೇ ಕುದುರೆಗಳು. ತಮಾಷೆ ಏನಪ್ಪಾ ಅಂದ್ರೆ, ಮುಂದೆ ಹೋಗಬೇಡ, ಬೇರೆಯವರ ಹಿಂದೆ ಇರು ಅಂತ ನಾಲ್ಕೂ ಜಾಕಿಗಳಿಗೆ ಹೇಳಿ ಕಳಿಸಿದ್ದರು! ಎಲ್ಲರೂ ಹಿಂದೆ ಇರಬೇಕು ಅಂದ್ರೆ ಮುಂದೆ ಯಾರು? ನಾಲ್ಕೂ ಕುದುರೆಗಳು ಮೆರವಣಿಗೆಯ ಹಾಗೆ ಅಕ್ಕಪಕ್ಕ ನಿಧಾನಕ್ಕೆ ಸಾಗಿದವು. ಆಗ ಡರ್ಬಿಯ ದೂರ ಒಂದೂವರೆ ಮೈಲಿ. 1889ರಲ್ಲಿ ಅದೇ ದೂರವನ್ನು ಸ್ಪೋಕೇನ್ ಎಂಬ ಕುದುರೆ 2 ನಿಮಿಷ 34½ ಸೆಕೆಂಡಿನಲ್ಲಿ ಮುಗಿಸಿತ್ತು. ಈ ಸಲ ಹಿಡಿದದ್ದು 2 ನಿಮಿಷ 52¼ ಸೆಕೆಂಡು. ಇವತ್ತಿಗೂ ಡರ್ಬಿಯಲ್ಲಿ ಇದಕ್ಕಿಂತ ನಿಧಾನದ ಓಟ ಇಲ್ಲ. ಜನ ಬೇಸತ್ತಿರಬೇಕು. ಆದರೆ ಅವಮಾನ ತೊಳೆದುಕೊಳ್ಳಬೇಕು ಅಂತ ಮರ್ಫಿ ಆತುರಪಡಲಿಲ್ಲ. ಕಾದರು. ಕೊನೆಯ ನೇರ ಹಾದಿಯಲ್ಲಿ ಕಿಂಗ್‌ಮನ್‌ನನ್ನು ಬಿಟ್ಟರು. ಮೂರನೇ ಡರ್ಬಿ! ಅದುವರೆಗೆ ಯಾರೂ ಮೂರು ಸಲ ಗೆದ್ದಿರಲಿಲ್ಲ.

1896ರಲ್ಲಿ, ಕೇವಲ 35ನೇ ವಯಸ್ಸಿನಲ್ಲಿ, ಮರ್ಫಿ ತೀರಿಕೊಂಡರು. ಅವರ ಲೆಕ್ಕದ ಪ್ರಕಾರ ಓಡಿಸಿದ ರೇಸುಗಳಲ್ಲಿ ಗೆದ್ದದ್ದು ನೂರಕ್ಕೆ 44. ಈಗ ಸಿಗುವ ದಾಖಲೆಗಳನ್ನು ಎಣಿಸಿದರೆ ನೂರಕ್ಕೆ 34. ಎಂಜಿನಿಯರ್ ಬುದ್ಧಿಯ ನನಗೆ ಚಿಕ್ಕ ಸಂಖ್ಯೆಯೇ ಸಾಕು, ಅದೂ ಬೆರಗು ಹುಟ್ಟಿಸುತ್ತೆ. ಅವರ ನಂತರ ವರ್ಣಭೇದ ಹೆಚ್ಚುತ್ತಾ ಹೋಗಿ, ಕಪ್ಪು ಜಾಕಿಗಳನ್ನು ದೊಡ್ಡ ರೇಸುಗಳಿಂದ ಹೊರಗೆ ತಳ್ಳಿದರು. ಮರ್ಫಿಯವರ ಸಮಾಧಿಯೂ ಗಿಡಗಂಟಿಗಳಲ್ಲಿ ಮರೆಯಾಯಿತು. 1955ರಲ್ಲಿ ಅವರ ಹೆಸರು ರೇಸಿಂಗ್ ಹಾಲ್ ಆಫ್ ಫೇಮ್ ಸೇರಿತು. 1960ರ ದಶಕದಲ್ಲಿ ಒಬ್ಬರು ಹುಡುಕಿ ಹುಡುಕಿ ಸಮಾಧಿಯನ್ನು ಪತ್ತೆಹಚ್ಚಿದರು. ಈಗ ಅದು ಲೆಕ್ಸಿಂಗ್ಟನ್ನಿನ ಕೆಂಟಕಿ ಹಾರ್ಸ್ ಪಾರ್ಕಿನಲ್ಲಿದೆ. ಆ ಕಡೆ ರೋಡ್ ಟ್ರಿಪ್ ಹೋದರೆ ಅಪ್ಪ ಅಮ್ಮನಿಗೆ ಹೇಳಿ ಅಲ್ಲಿ ಕಾರು ನಿಲ್ಲಿಸಿ.

ಮುಂದಿನ ಸಲ ಒಂದು ಮೈಲಿ ಓಡುವಾಗ ಮೊದಲ ಸುತ್ತಿನಲ್ಲಿ ಯಾರಾದರೂ ನಿಮ್ಮನ್ನು ದಾಟಿ ಹೋದರೆ ಹೋಗಲಿ ಬಿಡಿ. ನಿಮ್ಮ ಉಸಿರನ್ನು ಕೇಳಿಸಿಕೊಳ್ಳಿ. ಇನ್ನೂ ಮೂರು ಸುತ್ತು ಇದೆ.