ಸಾಲಕ್ಕೆ ಹೋದ ರಾಯಚೂರು, ಲೆಕ್ಕ ಹಿಡಿದ ದಿವಾನ

ನಮ್ಮ ಕರಾವಳಿಯಲ್ಲಿ ಎಲ್ಲೇ ಹೊಸ ಮನೆ ಏಳುತ್ತಿರಲಿ, ಕಲ್ಲು ಸಿಮೆಂಟು ಹೊರುವವರ ಹತ್ತಿರ ಹೋಗಿ ಊರು ಯಾವುದು ಅಂತ ಕೇಳಿ ನೋಡಿ. ರಾಯಚೂರು, ದೇವದುರ್ಗ, ಮಾನ್ವಿ ಎಂಬ ಹೆಸರುಗಳು ಹಲವರ ಬಾಯಲ್ಲಿ ಬರುತ್ತವೆ. ಊರಲ್ಲಿ ಮಳೆ ಕೈಕೊಟ್ಟಾಗ ಮುದುಕರನ್ನು ಮನೆ ಕಾಯಲು ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬಂದವರು ಅವರು. ಇದಕ್ಕೆ ಅವರ ಕಡೆ ಗುಳೆ ಹೋಗುವುದು ಅಂತಾರೆ.

ಅದೇ ಹೊಸ ಮನೆಯ ಜಗಲಿಯಲ್ಲಿ ಚಾ ಕುಡಿಯುತ್ತಾ ನಾವು ಇನ್ನೊಂದು ಮಾತನ್ನೂ ಆಡುತ್ತೇವೆ. ಆ ಕಡೆಯವರಿಗೆ ದುಡಿಯುವ ಮನಸ್ಸಿಲ್ಲ, ಸರಕಾರ ಬಿಟ್ಟಿ ಅಕ್ಕಿ, ಬಿಟ್ಟಿ ದುಡ್ಡು ಕೊಟ್ಟು ಸೋಮಾರಿ ಮಾಡಿದೆ, ಖಜಾನೆ ಬರಿದಾಗುತ್ತಿದೆ ಎಂದು. ಈ ಮಾತಿನಲ್ಲಿ ಸ್ವಲ್ಪ ನಿಜ ಇದೆ, ಸ್ವಲ್ಪ ಅನ್ಯಾಯವೂ ಇದೆ. ಯಾವುದು ಎಷ್ಟು ಎಂದು ತೂಗಿ ನೋಡಲು, ರಾಯಚೂರಿನ ಹಣೆಬರಹ ಒಂದು ಕಾಲದಲ್ಲಿ ಯಾರ ಕೈಯಲ್ಲಿತ್ತೋ ಆ ದಿವಾನರ ಬದುಕನ್ನು ಈ ವಾರ ಓದೋಣ. ಅವರು ಮೀರ್ ತುರಾಬ್ ಅಲಿ ಖಾನ್. ಲೋಕ ಅವರನ್ನು ಬಲ್ಲದ್ದು ಮೊದಲನೇ ಸಾಲಾರ್ ಜಂಗ್ ಎಂದು.

ಹೈದರಾಬಾದಿಗೆ ಹೋದವರೆಲ್ಲ ಸಾಲಾರ್ ಜಂಗ್ ಮ್ಯೂಸಿಯಂ ನೋಡಿ ಬರುತ್ತಾರೆ. ಅಲ್ಲಿರುವ ವಸ್ತುಗಳಲ್ಲಿ ಹೆಚ್ಚಿನವನ್ನು ಸಂಗ್ರಹಿಸಿದ್ದು ಅವರ ಮೊಮ್ಮಗ, ಮೂರನೇ ಸಾಲಾರ್ ಜಂಗ್. ಮೊದಲನೆಯವರು ನಮಗೆ ಬಿಟ್ಟು ಹೋದದ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ಸಾಮಾನಲ್ಲ, ಒಂದು ಆಡಳಿತದ ಕ್ರಮ.

ಅವರು ಹುಟ್ಟಿದ್ದು 1829ರಲ್ಲಿ. ಅವರ ಮನೆತನದ ಹಿರಿಯರು ಮದೀನಾದಿಂದ ಬಂದು ಆದಿಲ್‌ಶಾಹಿಗಳ ಕಾಲದಲ್ಲಿ ನಮ್ಮ ಬಿಜಾಪುರದಲ್ಲಿ ನೆಲೆಸಿದವರು, ಆಮೇಲೆ ನಿಝಾಮರ ಸೇವೆಗೆ ಸೇರಿದವರು. ಮುತ್ತಜ್ಜ, ಅಜ್ಜ, ಚಿಕ್ಕಪ್ಪ ಎಲ್ಲರೂ ದಿವಾನರಾಗಿದ್ದರು. ಆದರೆ ತುರಾಬ್ ಅಲಿ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು, ಮನೆಯ ಹಿರಿಯರ ನೆರಳಲ್ಲಿ ಬೆಳೆದರು. ಇಪ್ಪತ್ತು ತುಂಬುವ ಮೊದಲೇ ಖಮ್ಮಂ ಕಡೆಯ ತಾಲೂಕುದಾರಿಕೆ ಸಿಕ್ಕಿತು. ಕಂದಾಯ ಅಂದರೇನು, ರೈತನ ಕೈಯಿಂದ ಹೊರಟ ರೂಪಾಯಿ ದಾರಿಯಲ್ಲಿ ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡದ್ದು ಅಲ್ಲಿ.

ಆಗಿನ ಹೈದರಾಬಾದ್ ಸಂಸ್ಥಾನದ ಸ್ಥಿತಿ ಕೇಳಿದರೆ ಬೇಸರವಾಗುತ್ತದೆ. ಕಂದಾಯ ವಸೂಲಿಯನ್ನು ಇಜಾರಕ್ಕೆ ಕೊಡುವ ಪದ್ಧತಿ ಇತ್ತು. ಯಾರು ಹೆಚ್ಚು ದುಡ್ಡು ಮುಂಗಡ ಕೊಡುತ್ತಾರೋ ಅವರಿಗೆ ತಾಲೂಕು. ಕೊಟ್ಟವನು ಅದರ ಮೇಲೆ ಎಷ್ಟು ಬೇಕೋ ಅಷ್ಟು ರೈತನಿಂದ ಹಿಂಡಬಹುದು. ನಾಳೆ ಇನ್ನೊಬ್ಬ ಹೆಚ್ಚು ಕೂಗಿದರೆ ತಾಲೂಕು ಕೈತಪ್ಪಬಹುದು, ಹಾಗಾಗಿ ಈ ವರ್ಷವೇ ಹಿಂಡಿಬಿಡಬೇಕು. ಅರಮನೆಯ ಖರ್ಚು ಆದಾಯವನ್ನು ಮೀರಿತ್ತು. ಮೀರಿದ್ದಕ್ಕೆ ಸಾಲ. ಪಾಮರ್ ಕಂಪೆನಿ ಎಂಬ ಲೇವಾದೇವಿ ಸಂಸ್ಥೆ ನೂರಕ್ಕೆ ಇಪ್ಪತ್ತನ್ನೂ ಮೀರಿದ ಬಡ್ಡಿಗೆ ಸರಕಾರಕ್ಕೇ ಸಾಲ ಕೊಟ್ಟದ್ದು ಚರಿತ್ರೆಯಲ್ಲಿದೆ. ಸಂಬಳ ಸಿಗದ ಅರಬ್ ಮತ್ತು ರೋಹಿಲ್ಲಾ ಸಿಪಾಯಿಗಳ ಸರದಾರರು ಬಾಕಿಗೆ ಬದಲಾಗಿ ತಾಲೂಕುಗಳನ್ನೇ ಒತ್ತೆ ಹಿಡಿದು ಕೂತಿದ್ದರು.

ಇದರ ಜೊತೆಗೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಪಡೆ. ಅಧಿಕಾರಿಗಳು ಇಂಗ್ಲಿಷರು, ಸಂಬಳ ಕೊಡಬೇಕಾದವರು ನಿಝಾಮರು. ಸಂಬಳ ಬಾಕಿಯಾದಾಗೆಲ್ಲ ಇಂಗ್ಲಿಷರು ತಾವು ಕೊಟ್ಟು ನಿಝಾಮರ ಹೆಸರಲ್ಲಿ ಸಾಲ ಬರೆದುಕೊಂಡರು. ಆ ಸಾಲ ಬೆಳೆದು ಕೊನೆಗೆ 50 ಲಕ್ಷದ ಹತ್ತಿರ ಬಂತು. 1853ರ ಮೇ 21ರಂದು ಲಾರ್ಡ್ ಡಾಲ್‌ಹೌಸಿಯ ಒತ್ತಡಕ್ಕೆ ಮಣಿದು ನಿಝಾಮ್ ನಾಸಿರುದ್ದೌಲ ಕರಾರಿಗೆ ಒಪ್ಪಿದರು. ಬೇರಾರ್, ಧಾರಾಶಿವ್ ಮತ್ತು ಕೃಷ್ಣಾ–ತುಂಗಭದ್ರೆಗಳ ನಡುವಿನ ಎಡೆದೊರೆ ನಾಡು ಇಂಗ್ಲಿಷರ ವಶಕ್ಕೆ ಹೋದವು. ಎಡೆದೊರೆ ಅಂದರೆ ರಾಯಚೂರು, ಮಾನ್ವಿ, ದೇವದುರ್ಗ ಇರುವ ಸೀಮೆ. ಬಹಮನಿಗಳೂ ವಿಜಯನಗರದವರೂ ರಕ್ತ ಸುರಿಸಿ ಬಡಿದಾಡಿದ ಆ ನೆಲ ಈ ಸಲ ಒಂದು ಗುಂಡೂ ಹಾರದೆ ಬರೇ ಸಾಲದ ಲೆಕ್ಕದಲ್ಲಿ ಹೋಯಿತು.

ಕರಾರು ಆಗಿ ವಾರದೊಳಗೆ ದಿವಾನರಾಗಿದ್ದ ಚಿಕ್ಕಪ್ಪ ಸಿರಾಜುಲ್ ಮುಲ್ಕ್ ತೀರಿಕೊಂಡರು. ಮೇ 31ರಂದು ತುರಾಬ್ ಅಲಿಯವರಿಗೆ ದಿವಾನಗಿರಿ. ವಯಸ್ಸು ಬರೇ 24. ಖಜಾನೆ ಖಾಲಿ, ಅರ್ಧ ರಾಜ್ಯ ಒತ್ತೆ. ಇಂಥ ಮನೆಯ ಯಜಮಾನಿಕೆ ಯಾರಿಗೆ ಬೇಕು ಹೇಳಿ!

ಅವರು ಮಾಡಿದ ಮೊದಲ ಕೆಲಸ ಹೊಸದೇನಲ್ಲ, ಒಳ್ಳೆಯ ಮನೆಯಲ್ಲಿ ಹಿರಿಯರು ಮಾಡುವಂಥದ್ದೇ. ಬರುವುದೆಷ್ಟು, ಹೋಗುವುದೆಷ್ಟು ಎಂದು ಬರೆಸಿದರು. ಬೇಡದ ಖರ್ಚು ಕಡಿದರು. ಒತ್ತೆ ಹೋದ ತಾಲೂಕುಗಳ ಲೆಕ್ಕ ಒಂದೊಂದಾಗಿ ಚುಕ್ತಾ ಮಾಡಿ ಬಿಡಿಸಿಕೊಳ್ಳುತ್ತಾ ಬಂದರು. ಇಜಾರ ಪದ್ಧತಿಯನ್ನು ಹಂತಹಂತವಾಗಿ ನಿಲ್ಲಿಸಿ ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಊರೂರಲ್ಲಿದ್ದ ಟಂಕಸಾಲೆಗಳನ್ನು ಮುಚ್ಚಿಸಿ ಒಂದೇ ನಾಣ್ಯ, ಹಾಲಿ ಸಿಕ್ಕಾ, ಹೈದರಾಬಾದಿನಲ್ಲಿ ಅಚ್ಚಾಗುವಂತೆ ಮಾಡಿದರು. ಎಷ್ಟೋ ಕಡೆ ಧಾನ್ಯದ ಪಾಲಿನಲ್ಲಿ ಕೊಡುತ್ತಿದ್ದ ಕಂದಾಯ ನಗದಿಗೆ ಬಂತು. ದಾರುಲ್ ಉಲೂಮ್ ಎಂಬ ವಿದ್ಯಾಲಯವೂ ಶುರುವಾಯಿತು.

ಈಗ ಒಂದು ಮುಖ್ಯ ವಿಷಯ ಗಮನಿಸಿ. ಸಾಲಾರ್ ಜಂಗರು ಹಳೆಯ ಕಾಲದ ಮನುಷ್ಯ. ದರ್ಬಾರಿನ ರಿವಾಜು ಒಂದನ್ನೂ ಮುರಿಯಲಿಲ್ಲ. ನಿಝಾಮರ ಅಪ್ಪಣೆ ಇಲ್ಲದೆ ಪಟ್ಟಣ ಬಿಟ್ಟು ಹೋಗುವಂತಿರಲಿಲ್ಲ, ಅದನ್ನೂ ಸಹಿಸಿಕೊಂಡರು. ಸರಕಾರ ಆದಾಯದೊಳಗೆ ಬದುಕಬೇಕು, ಹಳೆಯ ಕಟ್ಟು ಕಿತ್ತೆಸೆಯಬಾರದು, ದುಡಿಮೆಯೇ ಬರಕತ್ತು ಎಂದು ಇಂದು ಹೇಳುವವರು ತಮ್ಮ ಗುಂಪಿನ ಹಿರಿಯ ಎಂದು ಅವರನ್ನು ಧಾರಾಳವಾಗಿ ಹೆಸರಿಸಬಹುದು. ಆದರೆ ದುಡಿಮೆಯ ಪಾಠವನ್ನು ಅವರು ಯಾರಿಗೆ ಹೇಳಿದರು? ರೈತನಿಗಲ್ಲ. ರೈತ ದುಡಿಯುತ್ತಲೇ ಇದ್ದ. ಹೆಚ್ಚು ಬೆಳೆದರೆ ಇಜಾರದಾರ ಹೆಚ್ಚು ಕಿತ್ತುಕೊಳ್ಳುತ್ತಾನೆ ಅಂತಾದ ಮೇಲೆ ಯಾವನಿಗೆ ಬೆಳೆಯುವ ಹುಮ್ಮಸ್ಸು ಇರುತ್ತದೆ? ಅದನ್ನು ಸೋಮಾರಿತನ ಅನ್ನುವುದು ತಪ್ಪು. ಸೋಮಾರಿಗಳಾಗಿದ್ದವರು ನಡುವೆ ಕೂತು ತಿನ್ನುತ್ತಿದ್ದವರು. ದಿವಾನರು ಶಿಸ್ತು ಹೇರಿದ್ದು ಅವರ ಮೇಲೆ, ತಮ್ಮ ಮೇಲೆ, ಸರಕಾರದ ಮೇಲೆ. ತಾವೇ ಅರ್ಜಿ ಕೇಳಿ, ತಾವೇ ಕಾಗದ ನೋಡಿ, ಸುಮಾರು 30 ವರ್ಷ ಹಾಗೆ ನಡೆದರು.

1857 ಬಂತು. ಆ ವರ್ಷವೇ ನಾಸಿರುದ್ದೌಲರು ತೀರಿಕೊಂಡು ಅಫ್ಝಲುದ್ದೌಲರು ನಿಝಾಮರಾದರು. ಜುಲೈ 17ರಂದು ತುರ್ರೇಬಾಝ್ ಖಾನ್ ಮತ್ತು ಮೌಲವಿ ಅಲಾವುದ್ದೀನರ ನೇತೃತ್ವದಲ್ಲಿ ಜನ ಹೈದರಾಬಾದಿನ ಇಂಗ್ಲಿಷ್ ರೆಸಿಡೆನ್ಸಿಯ ಮೇಲೆ ನುಗ್ಗಿದರು. ಸಾಲಾರ್ ಜಂಗರು ಇಂಗ್ಲಿಷರ ಪಕ್ಷ ಬಿಡಲಿಲ್ಲ. ತುರ್ರೇಬಾಝ್ ಖಾನ್ ಆಮೇಲೆ ಕೊಲ್ಲಲ್ಪಟ್ಟರು, ಮೌಲವಿಯವರು ಅಂಡಮಾನಿಗೆ ಹೋದರು. ಇದನ್ನು ನಾವು ಮುಚ್ಚಿಡಬಾರದು. ದಿವಾನರ ಬದುಕಿನ ಈ ಪುಟವನ್ನು ಇಂದಿಗೂ ಹಲವರು ಕ್ಷಮಿಸಿಲ್ಲ. ಅವರ ಕಾಲದಲ್ಲೂ ಕ್ಷಮಿಸದವರಿದ್ದರು, ಎರಡು ಸಲ ಅವರ ಮೇಲೆ ಗುಂಡು ಹಾರಿತು, ಎರಡು ಸಲವೂ ಬದುಕಿ ಉಳಿದರು.

1860ರಲ್ಲಿ ಹೊಸ ಕರಾರು. 50 ಲಕ್ಷದ ಸಾಲ ರದ್ದಾಯಿತು. ರಾಯಚೂರು ಸೀಮೆ ಮತ್ತು ಧಾರಾಶಿವ್ ನಿಝಾಮರಿಗೆ ಮರಳಿದವು. ಬಂಡೆದ್ದ ಸುರಪುರವೂ ಅವರಿಗೇ ಸೇರಿತು. ಇದು ಇಂಗ್ಲಿಷರು 1857ರ ನಿಷ್ಠೆಗೆ ಕೊಟ್ಟ ಬಹುಮಾನ. ಬರೇ ಲೆಕ್ಕಪತ್ರ ಸರಿ ಮಾಡಿದ್ದರಿಂದ ರಾಯಚೂರು ಬಂತು ಎಂದರೆ ಸುಳ್ಳಾಗುತ್ತದೆ. ಆದರೆ ಬಂದದ್ದನ್ನು ಮತ್ತೆ ಸಾಲಕ್ಕೆ ಕಳಕೊಳ್ಳದೆ ಉಳಿಸಿದ್ದು ಲೆಕ್ಕಪತ್ರವೇ. 1865ರಲ್ಲಿ ಇಡೀ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸುವ ಝಿಲಾಬಂದಿ ಜಾರಿಗೆ ಬಂತು. ತಾಲೂಕುದಾರ, ತಹಸೀಲ್ದಾರ ಎಂಬ ಮೆಟ್ಟಿಲುಗಳಾದವು. ಇಂದು ಮಾನ್ವಿಯಲ್ಲೋ ದೇವದುರ್ಗದಲ್ಲೋ ತಹಸೀಲ್ದಾರ್ ಕಚೇರಿಯ ಮುಂದೆ ಪಹಣಿಗೆ ಸಾಲು ನಿಲ್ಲುವವರು ನಿಂತಿರುವುದು ಆ ಮೆಟ್ಟಿಲಿನ ಬುಡದಲ್ಲೇ. 1871ರಲ್ಲಿ ಮುಂಬೈ ಕಡೆಯ ರೈಲೂ ಮದ್ರಾಸ್ ಕಡೆಯ ರೈಲೂ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಝಾಮರ ರೈಲು ಓಡಿತು. ಅಷ್ಟರಲ್ಲಿ ಅಫ್ಝಲುದ್ದೌಲರು ತೀರಿ, ಮೂರು ವರ್ಷವೂ ತುಂಬದ ಮಹಬೂಬ್ ಅಲಿ ಖಾನ್ ನಿಝಾಮರಾಗಿದ್ದರು. ರಾಜ್ಯದ ಭಾರವೆಲ್ಲ ದಿವಾನರ ಮತ್ತು ಇನ್ನೊಬ್ಬ ರೀಜೆಂಟರ ಹೆಗಲ ಮೇಲೆ.

ಬೇರಾರ್ ಮಾತ್ರ ಮರಳಲಿಲ್ಲ. ಅದನ್ನು ಕೇಳಲೆಂದೇ 1876ರಲ್ಲಿ ಇಂಗ್ಲೆಂಡಿಗೆ ಹೋದರು. ದಾರಿಯಲ್ಲಿ ಪ್ಯಾರಿಸ್‌ನಲ್ಲಿ ಬಿದ್ದು ಪೆಟ್ಟಾಯಿತು. ಲಂಡನ್ನಿನಲ್ಲಿ ಸನ್ಮಾನ ಸಿಕ್ಕಿತು, ಆಕ್ಸ್‌ಫರ್ಡಿನ ಗೌರವ ಪದವಿ ಸಿಕ್ಕಿತು, ಬೇರಾರ್ ಸಿಗಲಿಲ್ಲ. ಸಾಲಕ್ಕೆ ಹೋದ ನೆಲ ಸುಲಭದಲ್ಲಿ ಬರುವುದಿಲ್ಲ.

ಅವರು ಮರಳಿ ಬರುವ ಹೊತ್ತಿಗೆ ಮಳೆ ಕೈಕೊಟ್ಟಿತ್ತು. 1876–78ರ ದೊಡ್ಡ ಬರ ರಾಯಚೂರು, ಲಿಂಗಸುಗೂರು, ಕಲಬುರಗಿ ಸೀಮೆಗಳನ್ನು ಸುಟ್ಟುಬಿಟ್ಟಿತು. ಆಗ ಇಂಗ್ಲಿಷ್ ಸರಕಾರದಲ್ಲಿ ಒಂದು ವಾದ ಬಲವಾಗಿತ್ತು: ಧಾನ್ಯದ ವ್ಯಾಪಾರಕ್ಕೆ ಸರಕಾರ ಕೈ ಹಾಕಬಾರದು, ಸುಮ್ಮನೆ ಕೊಟ್ಟರೆ ಜನ ಕೆಡುತ್ತಾರೆ, ಖರ್ಚು ಹಿಡಿತದಲ್ಲಿರಬೇಕು. ಹಿಂದೆ ಹೈದರಾಬಾದಿನಲ್ಲೇ ರೆಸಿಡೆಂಟರಾಗಿದ್ದ ರಿಚರ್ಡ್ ಟೆಂಪಲ್ 1877ರಲ್ಲಿ ಮದ್ರಾಸ್ ಸೀಮೆಯ ಬರದ ಕೂಲಿಯನ್ನು ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗೂ ಕಮ್ಮಿ ಧಾನ್ಯ ಮತ್ತು ಒಂದಾಣೆಗೆ ಇಳಿಸಿದರು. ದಿನವಿಡೀ ಕಲ್ಲು ಒಡೆಯುವ ಗಂಡಾಳಿಗೆ ಅಷ್ಟು! ದಕ್ಷಿಣದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಹೈದರಾಬಾದ್ ಸರಕಾರವೂ ಬರದ ಕಾಮಗಾರಿ ತೆಗೆಯಿತು, ಆದರೂ ರಾಯಚೂರು ಸೀಮೆ ಸಾವು ನೋವಿನಿಂದ ತಪ್ಪಿಸಿಕೊಳ್ಳಲಿಲ್ಲ. ಖಜಾನೆಯನ್ನು ಕಾಪಾಡುವುದು ಯಾತಕ್ಕೆ? ಕಷ್ಟದ ದಿನ ಜನರಿಗೆ ತೆರೆಯಲಿಕ್ಕೆ. ಆ ದಿನವೂ ಅದರ ಬಾಯಿ ಬಿಗಿಹಿಡಿಯುವುದು ಮಿತವ್ಯಯ ಆಗುವುದಿಲ್ಲ.

ಇನ್ನು ದಿವಾನರು ಮಾಡದೆ ಬಿಟ್ಟದ್ದನ್ನೂ ಹೇಳಬೇಕು. ಇಜಾರದಾರರನ್ನು ತೆಗೆದರು, ಜಾಗೀರುದಾರರನ್ನು ಮುಟ್ಟಲಿಲ್ಲ. ಅವರೇ ದೊಡ್ಡ ಜಾಗೀರುದಾರರು. ಹಳೆಯ ರಾಯಚೂರು ಜಿಲ್ಲೆಗೆ ಸೇರಿದ್ದ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರು. ದಿವಾನಿ ತಾಲೂಕುಗಳಲ್ಲಿ ಸರಕಾರಿ ಅಧಿಕಾರಿ, ಸರಕಾರಿ ಲೆಕ್ಕ. ಜಾಗೀರಿನಲ್ಲಿ ಜಾಗೀರುದಾರನ ಜನ, ಜಾಗೀರುದಾರನ ಲೆಕ್ಕ. ಅದೇ ಯುರೋಪ್ ಪ್ರವಾಸದಲ್ಲಿ ಅವರು ರೋಮಿನಿಂದ ತಂದ, ಮುಸುಕು ಹಾಕಿದ ರೆಬೆಕಾಳ ಅಮೃತಶಿಲೆಯ ಮೂರ್ತಿಯನ್ನು ನೋಡಲು ಇಂದಿಗೂ ಜನ ಸಾಲು ನಿಲ್ಲುತ್ತಾರೆ. ತಂದದ್ದು 1876ರಲ್ಲಿ, ಬರ ಶುರುವಾದ ವರ್ಷ. ಸರಕಾರದ ಖರ್ಚು ಕಡಿದ ಕೈ, ಸಿರಿವಂತರ ಸಿರಿಗೆ ಕತ್ತರಿ ಹಾಕಲಿಲ್ಲ. ಜಾಗೀರುಗಳು ರದ್ದಾಗಲು 1949ರ ತನಕ ಕಾಯಬೇಕಾಯಿತು.

1883ರ ಫೆಬ್ರವರಿ 8ರಂದು ಕಾಲರಾ ತಗಲಿ ಸಾಲಾರ್ ಜಂಗರು ತೀರಿಕೊಂಡರು. ವಯಸ್ಸು 54. ಒತ್ತೆ ಬಿದ್ದ ರಾಜ್ಯವನ್ನು ಕೈಗೆತ್ತಿಕೊಂಡವರು, ಆದಾಯ ಹೆಚ್ಚಿದ, ಮಾತಿಗೆ ಬೆಲೆ ಇರುವ ರಾಜ್ಯವನ್ನು ಬಿಟ್ಟುಹೋದರು. ಉಳ್ಳವರಿಗೂ ಇಲ್ಲದವರಿಗೂ ಇದ್ದ ಅಂತರವನ್ನೂ ಇದ್ದ ಹಾಗೇ ಬಿಟ್ಟುಹೋದರು.

ಆ ಅಂತರ ಇನ್ನೂ ಹೋಗಿಲ್ಲ. 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ ಅತಿ ಹಿಂದುಳಿದ ತಾಲೂಕುಗಳನ್ನು ಪಟ್ಟಿ ಮಾಡಿದಾಗ ದೇವದುರ್ಗ ಅದರಲ್ಲಿತ್ತು. ಆಮೇಲೆ ಸಂವಿಧಾನದ 371ಜೆ ಕಲಂ ಬಂತು, ಕಾಲುವೆ ನೀರು ಬಂತು, ಗುಳೆ ಮಾತ್ರ ನಿಲ್ಲಲಿಲ್ಲ. ಎರಡು ನದಿಗಳ ನಡುವಿನ ನಾಡಿನವರು ಬಾಂದು ಹೊರಲು ನಮ್ಮ ಕಡಲತೀರಕ್ಕೆ ಬರುತ್ತಾರೆ ಅಂದರೆ ಅದನ್ನು ಸೋಮಾರಿತನ ಎಂದು ಕರೆಯಲು ನಮಗೆ ನಾಲಗೆ ಹೇಗೆ ಬರುತ್ತದೆ? ಸೋಮಾರಿ 500 ಕಿಲೋಮೀಟರ್ ದಾಟಿ ಕೂಲಿಗೆ ಬರುತ್ತಾನಾ?

ಹಾಗಂತ ಸರಕಾರ ಲೆಕ್ಕ ಇಲ್ಲದೆ ಸಾಲ ಮಾಡಲಿ ಎಂದು ನಾವು ಹೇಳುತ್ತಿಲ್ಲ. ಸಾಲ ಏನು ಮಾಡುತ್ತದೆ ಎಂಬುದಕ್ಕೆ 1853ರ ರಾಯಚೂರೇ ಸಾಕ್ಷಿ. ಮದುವೆಗೆಂದು, ಮನೆಗೆಂದು ಮೈಮೇಲೆ ಸಾಲ ಎಳೆದುಕೊಳ್ಳುವ ನಮ್ಮ ಮನೆಗಳಿಗೂ ಅದು ಪಾಠ. ಆದರೆ ಮಿತವ್ಯಯ ಮೇಲಿನಿಂದ ಶುರುವಾಗಬೇಕು. ದುಡಿಮೆಯ ಉಪದೇಶವೂ ಅಷ್ಟೇ, ಕುರ್ಚಿಯಲ್ಲಿ ಕೂತವನಿಂದ ಶುರುವಾಗಬೇಕು, ಸಿಮೆಂಟು ಹೊರುವವನಿಂದ ಅಲ್ಲ. ಸಾಲಾರ್ ಜಂಗರು ಇದರಲ್ಲಿ ಅರ್ಧ ದಾರಿ ನಡೆದರು. ಆ ಅರ್ಧಕ್ಕೇ ಒಂದು ರಾಜ್ಯ ಎದ್ದು ನಿಂತಿತು.

ಉಳಿದರ್ಧ ನಮ್ಮಿಂದ ಆಗುವಷ್ಟಾದರೂ ನಡೆಯೋಣ. ದುಡಿದವನ ಕೂಲಿಯನ್ನು ತಡಮಾಡಬಾರದು ಎಂದು ಮದ್ರಸದಲ್ಲಿ ಮಕ್ಕಳಿಗೆ ನಾವು ಕಲಿಸುತ್ತೇವೆ. ಈ ಶನಿವಾರ ಸಂಜೆ ದೇವದುರ್ಗದವನೊಬ್ಬ ನಮ್ಮ ಗೇಟಿನ ಹತ್ತಿರ ನಿಂತಿದ್ದರೆ, ಸೋಮವಾರ ನೋಡೋಣ ಅನ್ನುವುದು ಬೇಡ. ವಾರದ ಲೆಕ್ಕ ಅಲ್ಲೇ ಚುಕ್ತಾ ಮಾಡಿ ಕಳುಹಿಸೋಣ.